ಎರಡು ಬ್ರಹ್ಮಗಿರಿ, ಒಂದು ನೆಲ್ಲಿಮರ

ಕೊಡಗಿನಲ್ಲಿ ಯಾರಾದರೂ ಬ್ರಹ್ಮಗಿರಿಗೆ ಹೋಗಿದ್ದೆವು ಎಂದರೆ ಮರುಪ್ರಶ್ನೆ ಬಂದೇ ಬರುತ್ತದೆ: ಯಾವ ಬ್ರಹ್ಮಗಿರಿ, ಭಾಗಮಂಡಲದ ಮೇಲಿನದೋ ಇರ್ಪಿನದೋ? ಒಂದು, ತಲಕಾವೇರಿಯ ಕುಂಡಿಕೆಯ, ಅಂದರೆ ಕಾವೇರಿ ಹುಟ್ಟುವ ಪುಟ್ಟ ಕುಂಡದ, ಬೆನ್ನಿಗೇ ನಿಂತ ಬೆಟ್ಟ. ಇನ್ನೊಂದು, ಇರ್ಪು ಜಲಪಾತದ ಮೇಲೆ, ಕೊಡಗು ಮತ್ತು ವಯನಾಡಿನ ಗಡಿಗುಂಟ ಹಬ್ಬಿದ ಸಾಲು. ಅದರ ಶಿಖರ 1,608 ಮೀಟರ್. ಮಡಿಕೇರಿಯಿಂದ ತಲಕಾವೇರಿಗೆ ಸುಮಾರು 45 ಕಿ.ಮೀ., ಇರ್ಪಿಗೆ ಸುಮಾರು 80 ಕಿ.ಮೀ., ಅದೂ ಬೇರೆ ದಿಕ್ಕಿಗೆ. ಫೋನಿನ ಮ್ಯಾಪಿನಲ್ಲಿ ಬರೀ ‘ಬ್ರಹ್ಮಗಿರಿ’ ಎಂದು ಹಾಕಿ, ಕುಂಡಿಕೆಯಲ್ಲಿ ತೀರ್ಥ ಉಕ್ಕುವ ತೀರ್ಥೋದ್ಭವಕ್ಕೆ ಹೊರಟರೆ ಶ್ರೀಮಂಗಲದ ಕಾಫಿ ತೋಟಗಳ ನಡುವೆ ಮುಹೂರ್ತ ಮೀರಿ ಹೋಗುತ್ತದೆ. ಯಾತ್ರೆಗಾದರೆ ‘ತಲಕಾವೇರಿ’ ಎಂದೇ ಹಾಕಿ.

ಹೆಸರಿನ ಈ ಜಗ್ಗಾಟದ ಬುಡದಲ್ಲಿರುವುದು ಒಂದು ನೆಲ್ಲಿಮರ. ಸಹ್ಯಾದ್ರಿಯಲ್ಲಿ ಬ್ರಹ್ಮನಿಗೆ ವಿಷ್ಣು ನೆಲ್ಲಿಮರದ ರೂಪದಲ್ಲಿ ಕಾಣಿಸಿಕೊಂಡ, ಅದಕ್ಕೇ ಆ ತಾಣ ಸಹ್ಯಾಮಲಕ ಕ್ಷೇತ್ರವಾಯಿತು (ಆಮಲಕ ಎಂದರೆ ನೆಲ್ಲಿ) ಎಂಬುದು ಕಥೆ. ಕಾವೇರಿ ಮಹಾತ್ಮೆಯನ್ನು ನಂಬಿದವರಿಗೆ ಆ ತಾಣ ತಲಕಾವೇರಿ. ಕವೇರ ಮುನಿ ತಪಸ್ಸು ಮಾಡಿ ಬ್ರಹ್ಮನ ಮಗಳನ್ನೇ ಮಗಳಾಗಿ ಪಡೆದದ್ದು ಇದೇ ಬೆಟ್ಟದಲ್ಲಿ, ಅಗಸ್ತ್ಯರ ಕಮಂಡಲವನ್ನು ಗಣಪತಿ ಕಾಗೆಯಾಗಿ ಬಂದು ಉರುಳಿಸಿದ್ದೂ ಇಲ್ಲೇ. ಆದರೆ ದಕ್ಷಿಣದ ಬ್ರಹ್ಮಗಿರಿಯ ಆಚೆ ಮಗ್ಗುಲಿಗೆ ಇಳಿದರೆ ತಿರುನೆಲ್ಲಿ ಇದೆ. ಊರಿನ ಹೆಸರಿನಲ್ಲೇ ನೆಲ್ಲಿ! ಅಲ್ಲಿಯೂ ಬ್ರಹ್ಮನೇ ಪ್ರತಿಷ್ಠೆ ಮಾಡಿದ ವಿಷ್ಣು, ಅಲ್ಲಿಯೂ ಅದೇ ಮರದ ಕಥೆ, ಆ ಕ್ಷೇತ್ರಕ್ಕೂ ಸಹ್ಯಾಮಲಕ ಎಂಬುದೇ ಬಿರುದು. ಈಚೆ ಮಗ್ಗುಲಿನ ಇರ್ಪಿನಲ್ಲಿ ಮಾತ್ರ ಕಥೆ ರಾಮಾಯಣದ್ದು: ಬಾಯಾರಿದ ಅಣ್ಣನಿಗಾಗಿ ಲಕ್ಷ್ಮಣ ಬಾಣ ಹೊಡೆದು ಬೆಟ್ಟದಿಂದ ನೀರು ತೆಗೆದ, ಅದೇ ಲಕ್ಷ್ಮಣತೀರ್ಥ. ಇಷ್ಟು ಸಾಲದೆಂಬಂತೆ ಗೋದಾವರಿ ಹುಟ್ಟುವ ತ್ರ್ಯಂಬಕದ ಬೆಟ್ಟವೂ ಬ್ರಹ್ಮಗಿರಿಯೇ.

ಕಾಗದಪತ್ರ ನೋಡಿದರೆ ದಕ್ಷಿಣದ ಸಾಲಿನ ಕೈ ಮೇಲು. ಅದಕ್ಕೆ ಮರೆನಾಡಿನ ಬೆಟ್ಟಗಳು ಎಂಬ ಹಳೆಯ ಹೆಸರೂ ಇತ್ತು. ಅದು ಹಿಂದೆ ಸರಿದು ಬ್ರಹ್ಮಗಿರಿ ನಿಂತಿತು. 1974ರಲ್ಲಿ ಘೋಷಣೆಯಾದ ಬ್ರಹ್ಮಗಿರಿ ವನ್ಯಜೀವಿಧಾಮವೂ ಆ ಕಡೆಯದೇ. ಕಾವೇರಿ ಹುಟ್ಟುವ ಬ್ರಹ್ಮಗಿರಿಯ ಕಡೆಯ ಕಾಡಿಗೆ ಇರುವ ಹೆಸರು ತಲಕಾವೇರಿ ವನ್ಯಜೀವಿಧಾಮ. ಚಾರಣದ ಪರವಾನಗಿಗೆ ಓಡಾಡುವವರು ಎಡವುವುದು ಇಲ್ಲಿಯೇ.

ಹೆಸರಿನ ಗೊಂದಲ ಯಾವಾಗಲೂ ನಗುವ ವಿಷಯವಲ್ಲ. 2020ರ ಆಗಸ್ಟ್ 6ರ ಬೆಳಗಿನ ಜಾವ ತಲಕಾವೇರಿಯ ಪಕ್ಕದ ಗುಡ್ಡ ಜರಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಹಲವು ವರದಿಗಳಲ್ಲಿ ‘ಬ್ರಹ್ಮಗಿರಿ ಕುಸಿತ’ ಎಂದೇ ಬಂತು. ಜರಿದದ್ದು ಗಜಗಿರಿ. ಹೊರಗಿನವರಿಗೆ ಎಲ್ಲವೂ ಒಂದೇ ಹಸಿರು ಗೋಡೆ, ಆದರೆ ಆ ಮಳೆಗಾಲದಲ್ಲಿ ಯಾವ ಗುಡ್ಡ, ಯಾವ ಮಗ್ಗುಲು ಎಂಬುದು ಜೀವದ ಪ್ರಶ್ನೆಯಾಗಿತ್ತು.

ಹಾಗಾದರೆ ನಿಜವಾದ ಬ್ರಹ್ಮಗಿರಿ ಯಾವುದು? ಪುರಾಣ ಹೇಳಿದವರು ಶಿಖರಕ್ಕೊಂದು ಕಲ್ಲು ನೆಟ್ಟು ಸರ್ವೆ ಮಾಡಿರಲಿಲ್ಲ. ತಲಕಾವೇರಿಯಿಂದ ತಡಿಯಂಡಮೋಳು ಶಿಖರದ ಮೇಲೆ ಹಾದು ತಿರುನೆಲ್ಲಿಯ ನೆತ್ತಿಯವರೆಗೆ ಸಹ್ಯಾದ್ರಿಯ ಏಣು ಸಾಗುತ್ತದೆ. ಅದೆಲ್ಲಕ್ಕೂ ಸಲ್ಲುತ್ತಿದ್ದ ಒಂದು ಹೆಸರು ಕ್ಷೇತ್ರಗಳು ಬೆಳೆದಂತೆ ಎರಡು ತುದಿಗೆ ಹಂಚಿಹೋಗಿರಬೇಕು ಎಂಬುದೇ ಒಪ್ಪುವ ಊಹೆ. ನೀರಿನ ದಾರಿಯೂ ಅದಕ್ಕೆ ಒಗ್ಗುತ್ತದೆ. ಇರ್ಪಿನ ಲಕ್ಷ್ಮಣತೀರ್ಥ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ತಿರುನೆಲ್ಲಿಯ ಪಾಪನಾಶಿನಿಯ ನೀರು ಕಬಿನಿಯ ಮೂಲಕ ತಿರುಮಕೂಡಲಿನಲ್ಲಿ ಅದೇ ಕಾವೇರಿಗೆ ಬರುತ್ತದೆ. ಸಂಕಲ್ಪದಲ್ಲಿ ‘ಬ್ರಹ್ಮಗಿರಿ’ ಎಂದಾಗ ತುಲಾಮಾಸದಲ್ಲಿ ಕೊಡಗಿನವರ ಮನಸ್ಸು ಹೋಗುವುದು ಮಾತ್ರ ಕುಂಡಿಕೆಯ ಕಡೆಗೇ.

ಆ ಕುಂಡಿಕೆಯ ವಿಷಯಕ್ಕೆ ಬರೋಣ. ತೀರ್ಥೋದ್ಭವ ಪ್ರತಿವರ್ಷ ಅಕ್ಟೋಬರ್ 17 ಅಥವಾ 18ಕ್ಕೆ, ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲಿ. ಈ ಗಳಿಗೆ ವರ್ಷದಿಂದ ವರ್ಷಕ್ಕೆ ಆರು ಗಂಟೆ ಚಿಲ್ಲರೆ ಮುಂದಕ್ಕೆ ಸರಿಯುತ್ತದೆ, ಅಧಿಕ ದಿನವಿರುವ ವರ್ಷ ತಾರೀಕು ಮತ್ತೆ ಹಿಂದಕ್ಕೆ ಬರುತ್ತದೆ. 2023ರಲ್ಲಿ 18ರ ನಡುರಾತ್ರಿ ಕಳೆದು 1.27, 2024ರಲ್ಲಿ 17ರ ಬೆಳಿಗ್ಗೆ 7.40, 2025ರಲ್ಲಿ 17ರ ಮಧ್ಯಾಹ್ನ 1.44. ಆದ್ದರಿಂದ ‘ಹೋದ ವರ್ಷ ಬೆಳಿಗ್ಗೆ ಇತ್ತು’ ಎಂಬ ನೆನಪು ಕೆಲಸಕ್ಕೆ ಬಾರದು. ಆ ವರ್ಷದ ಪಂಚಾಂಗವೇ ನೋಡಬೇಕು.

ಕ್ರಮ ಹೀಗೆ: ಮೊದಲು ಭಾಗಮಂಡಲ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಕೂಡುವ ಸಂಗಮದಲ್ಲಿ ಸ್ನಾನ. ಪಿಂಡಪ್ರದಾನ, ಮುಡಿ ಇದ್ದರೆ ಅದೂ ಇಲ್ಲಿಯೇ. ಭಗಂಡೇಶ್ವರನ ದರ್ಶನ ಮುಗಿಸಿ ಅಲ್ಲಿಂದ 8 ಕಿ.ಮೀ. ಮೇಲಕ್ಕೆ. ಕುಂಡಿಕೆ ಬಲು ಸಣ್ಣದು, ಅದರ ಮುಂದಿನ ಕೊಳ ದೊಡ್ಡದು. ಸ್ನಾನ ಕೊಳದಲ್ಲಿ, ತೀರ್ಥ ಕುಂಡಿಕೆಯದು. ನೂಕುನುಗ್ಗಲಿನಲ್ಲಿ ಜನ ಮಿಂದ ಕೊಳದ ನೀರನ್ನೇ ಕ್ಯಾನಿಗೆ ತುಂಬಿಕೊಳ್ಳುವವರು ಎಷ್ಟೋ. ತಿಂಗಳಾಗುವುದರೊಳಗೆ ತಳದಲ್ಲಿ ಪಾಚಿ ಕಂಡು ‘ತೀರ್ಥ ಕೆಟ್ಟಿತು’ ಎಂದು ಕಂಗಾಲಾಗುತ್ತಾರೆ. ಎಣ್ಣೆ, ಜ್ಯೂಸ್ ತುಂಬಿದ್ದ ಬಾಟಲಿಯಾದರೂ ಇದೇ ಪಾಡು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ, ಬಿಗಿ ಮುಚ್ಚಳದ ಸಣ್ಣ ತಾಮ್ರದ ಪಾತ್ರೆ ಒಯ್ಯಿರಿ. ಅರ್ಧ ಲೀಟರ್ ಹಿಡಿದರೆ ಧಾರಾಳ.

ಕುಂಡಿಕೆಯ ತಾಣವೇ 1,276 ಮೀಟರ್ ಎತ್ತರದಲ್ಲಿದೆ, ಅಕ್ಟೋಬರಿನಲ್ಲೂ ಮಂಜು, ಗಾಳಿ, ಮಳೆ ಮೂರೂ ಒಟ್ಟಿಗೆ ಬರಬಹುದು. ಒದ್ದೆಬಟ್ಟೆಯಲ್ಲಿ ನಡುಗುತ್ತಾ ಕಾಯುವ ಹಿರಿಯರಿಗೆ ಒಣ ಪಂಚೆ, ಕಂಬಳಿ ಕೈಗೆ ಸಿಗುವಂತಿರಲಿ. ಬೆಟ್ಟದ ನೆತ್ತಿಗೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಸಪ್ತರ್ಷಿಗಳು ಯಜ್ಞ ಮಾಡಿದ ಜಾಗವೆಂಬ ನಂಬಿಕೆ ಅದಕ್ಕಿದೆ, ವ್ಯೂಪಾಯಿಂಟ್ ಎಂದು ಹತ್ತುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಹತ್ತಲು ಬಿಡುತ್ತಾರೆಯೇ ಎಂದು ಭಾಗಮಂಡಲದಲ್ಲೇ ವಿಚಾರಿಸಿ.

ಬೆಟ್ಟಕ್ಕೆ ಹೋಗಲಾಗದವರಿಗೆ ಅಮ್ಮ ಮನೆಗೇ ಬರುತ್ತಾಳೆ. ಕಾವೇರಿ ಚಂಗ್ರಾಂದಿಯ (ಕೊಡವರು ತುಲಾ ಸಂಕ್ರಮಣಕ್ಕೆ ಹೇಳುವ ಹೆಸರು) ಹಿಂದಿನ ದಿನ ಗದ್ದೆಯಲ್ಲಿ, ಬಾವಿಯ ಬಳಿ, ಗೊಬ್ಬರದ ಗುಂಡಿಯಲ್ಲಿ ಬೊತ್ತ್ ನೆಡುತ್ತಾರೆ: ತುದಿ ಸೀಳಿದ ಕೋಲಿಗೆ ಕಾಡುಬಳ್ಳಿಯ ಸಿಂಬಿ. ಬೆಳಗಾಗುತ್ತಲೇ ಕಣಿ ಪೂಜೆ. ಹರಿವಾಣದಲ್ಲಿ ಅಕ್ಕಿ ಹರಡಿ, ಸೌತೆಕಾಯಿ ಅಥವಾ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಪತ್ತಾಕ್ ಎಂಬ ಕೊಡವರ ಸರ ತೊಡಿಸಿ, ಬಳೆ, ಹೂವು, ವೀಳ್ಯದೆಲೆ, ಅಡಿಕೆ ಇಟ್ಟರೆ ಅವಳೇ ಕಾವೇರಮ್ಮೆ. ಸೌತೆಕಾಯಿ ತೀರಾ ಎಳೆಯದಾದರೆ ಸರದ ಭಾರಕ್ಕೆ ಉರುಳುತ್ತದೆ. ಬಲಿತದ್ದನ್ನು ಆರಿಸಿ ಬುಡವನ್ನು ಅಕ್ಕಿಯಲ್ಲಿ ಹೂತು ನಿಲ್ಲಿಸಬೇಕು. ಮನೆಯ ಹಿರಿಯಾಕೆ ಮೊದಲು ಅಕ್ಕಿ ಹಾಕಿ ಕೈಮುಗಿಯುತ್ತಾರೆ, ಆಮೇಲೆ ಉಳಿದವರು ವಯಸ್ಸಿನ ಸರದಿಯಲ್ಲಿ, ಕಿರಿಯರು ಹಿರಿಯರ ಕಾಲು ಹಿಡಿಯುತ್ತಾರೆ. ಮಾಂಸವಿಲ್ಲದ ಹಬ್ಬ ಇದು. ದೋಸೆ, ಕುಂಬಳಕಾಯಿ ಕರಿ.

ತಲಕಾವೇರಿಯಿಂದ ತೀರ್ಥ ಬಂದ ಮೇಲೆ ಮನೆಯವರಿಗೆಲ್ಲ ಒಂದೊಂದು ಉದ್ಧರಣೆ, ಬಾವಿಗೊಂದಿಷ್ಟು. ಉಳಿದದ್ದನ್ನು ದೇವರ ಕೋಣೆಯಲ್ಲಿ ಮುಚ್ಚಳ ಬಿಗಿದು, ಕತ್ತಲಲ್ಲೂ ಕೈಗೆ ಎಟಕುವ ಕಡೆ ಇಡುತ್ತಾರೆ. ಕೊನೆಯುಸಿರಿನ ಹೊತ್ತಿಗೆ ಬೇಕಾಗುವುದು ಅದೇ ತಾನೆ.