ಹೆಸರು ಕೆರೆದು ಹೋದ ಗಿಟಾರ್

ಗಿಟಾರ್ ಮನೆಗೆ ತಂದ ದಿನ ಅಪ್ಪ ನುಡಿಸು ಅಂತ ಕೇಳಲೇ ಇಲ್ಲ. ಮಗುಚಿ ಹಾಕಿ ಹಿಂಭಾಗ ನೋಡಿದರು. ನೆಕ್, ಅಂದರೆ ಗಿಟಾರಿನ ಉದ್ದ ಕತ್ತು, ಬಂದು ಬಾಡಿಯ ಜೊತೆ ಸೇರುವ ಕಡೆ ನಾಲ್ಕು ಸ್ಕ್ರೂ ಬಿಗಿದ ಒಂದು ಪ್ಲೇಟ್, ಅದರ ಮೇಲೆ ಒತ್ತಿದ ಅಕ್ಷರ: ಸ್ಟೀಲ್ ಅಡ್ಜಸ್ಟಬಲ್ ನೆಕ್, ಮೇಡ್ ಇನ್ ಜಪಾನ್. "ಓ, ಜಪಾನಿಂದಾ" ಅಂದವರೇ ಒಳಗೆ ಹೋಗಿ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ತಾರಲ್ಲ, ಆ ಗಾಜು ತಂದರು.

ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಎಚ್‌ಎಂಟಿ ವಾಚ್ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದೇ ಜಪಾನಿನ ಸಿಟಿಜನ್ ಜೊತೆ ಸೇರಿ, ನಮ್ಮೂರಿಗೆ ಫ್ಯಾಕ್ಟರಿ ಬಂದಿದ್ದು 1978ರಲ್ಲಿ. ಅವರಿಗೆ ಗಿಟಾರ್ ಬಗ್ಗೆ ಏನೂ ಗೊತ್ತಿಲ್ಲ, ಜಪಾನಿನವರ ಕೆಲಸ ಗೊತ್ತು. ಫ್ರೆಟ್, ಅಂದರೆ ನೆಕ್ಕಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ, ಒಂದೊಂದನ್ನೇ ನೋಡಿ, "ಮೆಷಿನ್ ಕೊಯ್ದಿದೆ, ಆದರೆ ತುದಿಗೆ ಯಾರೋ ಕೈಯಲ್ಲೇ ಅರ ಹಾಕಿದ್ದಾರೆ ಕಣೋ" ಅಂದರು. ನನ್ನ ಮೊದಲನೇ ಗಿಟಾರ್ ಹೊಸದು, ಆದರೆ ಅದರ ಫ್ರೆಟ್ ತುದಿ ಬೆರಳು ಗೀರುತ್ತಿತ್ತು. ಇದಕ್ಕೆ ನನಗಿಂತ ವಯಸ್ಸು ಜಾಸ್ತಿ, ಬೆರಳು ಜಾರಿಸಿದರೆ ಒಂದು ಕಡೆಯೂ ತಡೆಯಲ್ಲ.

ಇದು ಎಪ್ಪತ್ತರ ದಶಕದ್ದು, ಅಮೆರಿಕದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಅನ್ನೋ ಎಲೆಕ್ಟ್ರಿಕ್ ಗಿಟಾರಿನ ನಕಲು. ಬೆಂಗಳೂರಿನಲ್ಲಿ ಆರ್ಕೆಸ್ಟ್ರಾಗೆ ನುಡಿಸುತ್ತಿದ್ದ ಒಬ್ಬರಿಂದ 9,000 ರೂಪಾಯಿಗೆ ತಂದೆ. ಗಿಟಾರಿನ ತಲೆಯ ಮೇಲಿದ್ದ ಕಂಪನಿ ಹೆಸರನ್ನು ಯಾರೋ ಬ್ಲೇಡಿನಲ್ಲಿ ಕೆರೆದುಬಿಟ್ಟಿದ್ದಾರೆ. ಹಿಂದಿನ ಪ್ಲೇಟ್ ನೋಡಿದರೆ ಮಾತ್ಸುಮೊಟೊ ಊರಿನ ಮಾತ್ಸುಮೊಕು ಕಾರ್ಖಾನೆಯದು ಅಂತ ನನ್ನ ಅಂದಾಜು. ಆ ಕಾರ್ಖಾನೆಯವರು ಮೊದಲು ಸಿಂಗರ್ ಹೊಲಿಗೆ ಮೆಷಿನ್‌ಗೆ ಮರದ ಟೇಬಲ್ ಮಾಡುತ್ತಿದ್ದವರು! ಅಮ್ಮನ ಮೆಷಿನ್ ಟೇಬಲ್‌ನ ಪಾಲಿಶ್ ನೋಡಿ ಬೆಳೆದವನಿಗೆ ಇದು ಗೊತ್ತಾದಾಗ ಸುಮ್ನೆ ಖುಷಿಯಾಯಿತು. ಆಮೇಲೆ ಅವರು ಏರಿಯಾ, ಎಪಿಫೋನ್ ಅಂತ ಯಾರ್ಯಾರದೋ ಹೆಸರಿಗೆ ಗಿಟಾರ್ ಮಾಡಿಕೊಟ್ಟರು. 1987ರಲ್ಲಿ ಬಾಗಿಲು ಹಾಕಿತು.

ಹಾಗಂತ ಜಪಾನಿನ ಹಳೇದೆಲ್ಲ ಚಿನ್ನ ಅಂದುಕೊಳ್ಳಬೇಡಿ. ತಂತಿಯ ಸದ್ದು ಹಿಡಿಯುವ ಪಿಕಪ್ ಬಿಚ್ಚಿ ನೋಡಿದರೆ ನಂದು ಪ್ಲೈವುಡ್, ಪದರ ಪದರ ಕಾಣುತ್ತೆ. ಅರವತ್ತರ ದಶಕದವುಗಳಲ್ಲಿ ಎಷ್ಟೋ ನೋಡೋಕೆ ಮಾತ್ರ ಚೆಂದ, ಹಿಡಿದರೆ ನೆಕ್ಕು ಒನಕೆ ಇದ್ದ ಹಾಗೆ. ಇನ್ನು 'ಲಾಸೂಟ್ ಗಿಟಾರ್', ಅಂದರೆ ಕೋರ್ಟ್ ಕೇಸಾದ ಗಿಟಾರ್, ಅಂತ ಹೇಳಿ ಮೂರು ಪಟ್ಟು ರೇಟು ಕೇಳುವವರು ಇದ್ದಾರೆ. ಕೋರ್ಟಿಗೆ ಹೋಗಿದ್ದು ಐಬನೀಜ್ ಅನ್ನೋ ಜಪಾನಿನ ಬ್ರಾಂಡಿನ ವಿಷಯ. ಗಿಬ್ಸನ್ ಕಂಪನಿಯ ಮಾಲೀಕರಾದ ನಾರ್ಲಿನ್, ಐಬನೀಜನ್ನು ಅಮೆರಿಕದಲ್ಲಿ ಮಾರುತ್ತಿದ್ದ ಎಲ್ಗರ್ ಮೇಲೆ 1977ರಲ್ಲಿ ಕೇಸ್ ಹಾಕಿದರು, ಅದೂ ಗಿಟಾರಿನ ತಲೆಯ ಆಕಾರಕ್ಕೆ, ಕೊನೆಗೆ ರಾಜಿಯಾಯಿತು. ಆ ಒಂದು ಕೇಸಿನ ಹೆಸರಲ್ಲಿ ಎಲ್ಲ ನಕಲುಗಳ ರೇಟೂ ಏರಿಸಿದರೆ ಹೇಗೆ? ನಂದಕ್ಕೆ ಹೆಸರೇ ಇಲ್ಲದ್ದರಿಂದ ನನ್ನ ಜೇಬಿಗೆ ಸಿಕ್ಕಿತು ಅಷ್ಟೇ.

ಬಂದಾಗ ಟೋನ್ ತಿರುಗಿಸುವ ನಾಬ್ ಇರಲಿಲ್ಲ. ಆನ್‌ಲೈನ್‌ನಲ್ಲಿ ಒಂದು ತರಿಸಿದೆ, ಲೊಡಲೊಡ ಅಲ್ಲಾಡಿತು. ಆ ನಾಬಿನ ತೂತು ಅಮೆರಿಕದ ಕಾಲು ಇಂಚಿನ ಅಳತೆ, ನನ್ನ ಗಿಟಾರಿನಲ್ಲಿ ಅದು ಕೂರುವ ಕಡ್ಡಿ ಜಪಾನಿನ 6 ಮಿಲಿಮೀಟರ್. ಅಪ್ಪನಿಗೆ ಹೇಳಿದ್ದೇ ತಡ, ಬಿ.ಎಚ್. ರಸ್ತೆಯ ಕಡೆ ಯಾವುದೋ ಹಳೇ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ, ಡಬ್ಬಿಯೆಲ್ಲ ಕೆದಕಿಸಿ, 10 ರೂಪಾಯಿಗೆ ಒಂದು ನಾಬ್ ತಂದರು. ಗಟ್ಟಿಯಾಗಿ ಕೂತಿದೆ. ಅದರ ಮೇಲೆ ಟ್ಯೂನಿಂಗ್ ಅಂತ ಬರೆದಿದೆ, ನುಡಿಸುವ ಗೆಳೆಯರೆಲ್ಲ ನೋಡಿ ನಗುತ್ತಾರೆ.