ಪರಂಗಿಯ ಹಾಲಿನಿಂದ ಇನ್ಸುಲಿನ್‌ವರೆಗೆ

ಮಹಿಳಾ ಉದ್ಯಮಿಗಳ ಮಾತು ಬಂದಾಗಲೆಲ್ಲ ಕಿರಣ್ ಮಜುಂದಾರ್ ಷಾ ಅವರ ಇಂದಿನ ಆಸ್ತಿಯ ಲೆಕ್ಕವೇ ಮುಂದೆ ಬರುತ್ತದೆ. ನನಗೆ ಮಾತ್ರ ಅವರ ಮೊದಲ ವರ್ಷಗಳೇ ಹೆಚ್ಚು ಕುತೂಹಲಕರ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದ ಅವರಿಗೆ, ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಬಿಯರ್ ತಯಾರಕರ ಹುದ್ದೆ ದೊರೆಯಲಿಲ್ಲ. ಹಾಗಾಗಿ 1978ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಸಹಭಾಗಿತ್ವದೊಂದಿಗೆ 10,000 ರೂಪಾಯಿ ಬಂಡವಾಳ ಹಾಕಿ, ಬೆಂಗಳೂರಿನ ಗ್ಯಾರೇಜೊಂದರಲ್ಲಿ ಬಯೋಕಾನ್ ಎಂಬ ಕಂಪನಿಯನ್ನು ಆರಂಭಿಸಿದರು. ಪರಂಗಿಕಾಯಿಗೆ ಗೀರು ಹಾಕಿದಾಗ ಒಸರುವ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನೂ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸನ್ನೂ ತೆಗೆದು ರಫ್ತು ಮಾಡುವುದು ಆಗಿನ ಕೆಲಸವಾಗಿತ್ತು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಹೆಣ್ಣಿನ ಕೈಕೆಳಗೆ ದುಡಿಯಲು ಹಲವರು ಒಪ್ಪಲಿಲ್ಲ. (ಈ ಎರಡನೆಯ ಹಿಂಜರಿಕೆ ಇಂದಿಗೂ ಪೂರ್ತಿ ತೊಲಗಿದೆ ಎನ್ನಲಾರೆ.)

ಕಿಣ್ವಗಳನ್ನು ತಯಾರಿಸುತ್ತ ಪಳಗಿಸಿಕೊಂಡ ಹುದುಗುವಿಕೆಯ ತಂತ್ರವನ್ನೇ ಔಷಧಿಗಳತ್ತ ತಿರುಗಿಸಿದ್ದು ಅವರ ನಿಜವಾದ ಜಾಣ್ಮೆ ಎಂಬುದು ನನ್ನ ಎಣಿಕೆ. ಕಂಪನಿ ಷೇರು ಮಾರುಕಟ್ಟೆಗೆ ಕಾಲಿಟ್ಟ 2004ರಲ್ಲಿಯೇ, ಯೀಸ್ಟ್ ಬಳಸಿ ತಯಾರಿಸಿದ ಅದರ ಇನ್ಸುಲಿನ್ ಕೂಡ ಮಾರಾಟಕ್ಕೆ ಬಂತು. ಮೂರು ವರ್ಷಗಳ ನಂತರ, ಕಂಪನಿಯನ್ನು ಸಾಕಿ ಬೆಳೆಸಿದ ಕಿಣ್ವಗಳ ವ್ಯಾಪಾರವನ್ನೇ ಡೆನ್ಮಾರ್ಕಿನ ನೊವೊಝೈಮ್ಸ್‌ಗೆ ಮಾರಿ, ಅವರು ಔಷಧಿಗಳನ್ನೇ ನೆಚ್ಚಿಕೊಂಡರು.