ಮೇಲ್ಮಣ್ಣು

ಹೋದ ತಿಂಗಳು ರಾಮಗುಂಡಂನ ಅಕ್ಕನ ಮನೆಗೆ ಹೋಗಿದ್ದೆ. ಮಾವ ಅಲ್ಲಿ ತೆರೆದ ಕಲ್ಲಿದ್ದಲು ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ದೂರದಲ್ಲಿ ಉದ್ದಕ್ಕೆ ಗುಡ್ಡ ಕಂಡವು, ಥೇಟ್ ನಮ್ಮ ಕಪ್ಪತಗುಡ್ಡದ ಸಾಲಿನ ಹಾಗೆ. "ಅವು ಗುಡ್ಡ ಅಲ್ಲ, ಕಲ್ಲಿದ್ದಲಿನ ಮೇಲಿಂದ ತೆಗೆದು ಸುರಿದ ಮಣ್ಣು, ಬಂಡೆ" ಅಂದರು ಮಾವ.

ಮೊದಲು ಮೇಲ್ಮಣ್ಣು ಕೆರೆದು ಬೇರೆ ಕಡೆ ಇಡಬೇಕಂತೆ. ರಾಶಿ ಜಾಸ್ತಿ ಎತ್ತರವಾದರೆ, ವರ್ಷಗಟ್ಟಲೆ ಬಿದ್ದಿದ್ದರೆ, ಒಳಗಿನ ಜೀವ ಸಾಯುತ್ತದೆ. ಗುಂಡಿ ತುಂಬಿದ ಮೇಲೆ ಅದೇ ಮಣ್ಣು ಹರಡಿ, ಮೊದಲು ಹುಲ್ಲು ಬೆಳೆಸಬೇಕು. ಹುಲ್ಲಿನ ಬೇರು ಹಿಡಿಯದಿದ್ದರೆ ಒಂದೇ ಮಳೆಗೆ ಎಲ್ಲ ಕೊಚ್ಚಿ ಹೋಗುತ್ತದೆ. ಗಂಧಕ ಇರುವ ಕಲ್ಲು ಗಾಳಿ, ನೀರಿಗೆ ತೆರೆದುಕೊಂಡರೆ ನೀರೇ ಹುಳಿಯಾಗುತ್ತದೆ. ಇನ್ನು ಝಾರ್ಖಂಡ್‌ನ ಝರಿಯಾ ಕಲ್ಲಿದ್ದಲು ಗಣಿಗಳಲ್ಲಿ 1916ರಲ್ಲಿ ಕಂಡ ಬೆಂಕಿ ಇವತ್ತಿಗೂ ನೆಲದೊಳಗೆ ಉರಿಯುತ್ತಿದೆ.

ಮುಂಡರಗಿಗೆ ವಾಪಸ್ ಬಂದವನು ಸೀದಾ ಹೊಲಕ್ಕೆ ಹೋದೆ. ನಮ್ಮ ಬದುವಿನ ಆಚೆ ರಸ್ತೆಗೆಂದು ಗರಸು ತೆಗೆದ ಗುಂಡಿ ಇದೆ. ಅಗೆದವರು ಹಾಗೇ ಬಿಟ್ಟು ಹೋದರು. ಪ್ರತಿ ಮಳೆಗೂ ಅಂಚು ಕುಸಿದು ನಮ್ಮ ಎರೆಮಣ್ಣು ಒಳಗೆ ಜಾರುತ್ತದೆ. ಅಂಚಿನಲ್ಲಿ ಕೂತು ನೋಡಿದೆ: ಮೇಲೆ ಮೊಳಕೈ ಉದ್ದ ಕಪ್ಪು ಮಣ್ಣು, ಕೆಳಗೆಲ್ಲ ಬಿಳಿ ಗರಸು. ನಾವು ಜೋಳ ಬೆಳೆದು ಉಂಡಿದ್ದೆಲ್ಲ ಆ ಮೊಳಕೈ ಮಣ್ಣಿನಲ್ಲೇ, ಅಲ್ವಾ? ಹೊಟ್ಟೆ ಉರಿಯಿತು.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದಾಗ ಅಪ್ಪ ಊರಿಗೆಲ್ಲ ಪೇಢಾ ಹಂಚಿದ್ದರು. ಈ ಗುಂಡಿಯ ವಿಷಯಕ್ಕೆ ಈಗ ಅವರೇ ಅರ್ಜಿ ಬರೆಸುತ್ತಿದ್ದಾರೆ. ಅಂಚಿಗೆ ನೆಡಲು ನಾನು ಲಾವಂಚದ ಬೇರು ತಂದಿಟ್ಟಿದ್ದೇನೆ. ಮಳೆ ಹಿಡಿಯಲಿ ಅಂತ ಕಾಯುತ್ತಿದ್ದೇನೆ.